ಅರಿಶಿನ ಹತ್ತಿದ ಹೆಣ್ಣುಹಕ್ಕಿ

ಪುಣೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಈರಬಸಪ್ಪನವರ ಒಬ್ಬಳೇ ಮಗಳು ವಸಂತಿ ೧೯೭೯ರ ಮಾಘದಲ್ಲಿ ಕಾಮಾಲೆಯಿಂದ ತೀರಿಕೊಂಡಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಹುಡುಗಿ. ಹಾಸಿಗೆ ಹಿಡಿಯುವ ಮುಂಚೆ ಮಗರಪಟ್ಟಾದ ಜೋಳದ ಹೊಲದಿಂದ, ರೆಕ್ಕೆಗೆ ಗಾಯವಾದ, ಗುಬ್ಬಿ ಗಾತ್ರದ ಹೆಣ್ಣುಹಕ್ಕಿಯೊಂದನ್ನು ತಂದು ಬುಟ್ಟಿಯಲ್ಲಿಟ್ಟು ಸಾಕಿದ್ದಳು.

ಚಳಿಗಾಲದಲ್ಲಿ ಜೋಳಕ್ಕೆ ಬರುವ ಈ ಹಕ್ಕಿಗಳಲ್ಲಿ ಎರಡು ಜಾತಿ ಎಂದು ಅವಳೇ ತಂದೆಗೆ ಹೇಳಿಕೊಟ್ಟಿದ್ದಳು. ಒಂದರ ಗಂಡಿಗೆ ತಲೆ ಕಪ್ಪು. ಇನ್ನೊಂದರ ಗಂಡಿಗೆ ತಲೆ, ಎದೆ ಕೆಂಪುಗಂದು. ಹೆಣ್ಣುಗಳು ಮಾತ್ರ ಅವಳಿಗಳ ಹಾಗೆ ಮಣ್ಣುಬಣ್ಣ. ಬಾಲದ ಬುಡದ ಗರಿ ಕೆಂಚಗಿದ್ದರೆ ಕರಿತಲೆಯದು, ಹಸಿರುಹಳದಿಯಾದರೆ ಕೆಂಪುತಲೆಯದು. ಬೇಸಿಗೆಗೆ ಕರಿತಲೆಗಳು ಪಶ್ಚಿಮದ ದೇಶಗಳಿಗೆ, ಕೆಂಪುತಲೆಗಳು ಉತ್ತರಕ್ಕೆ ಹೊರಟುಹೋಗುತ್ತವೆ.

"ಅಪ್ಪಾ, ಅದನ್ನ ಅದರ ಮಂದ್ಯಾಗ ಬಿಡ್ರಿ. ತಪ್ಪಿ ಬಿಟ್ರ ಪರದೇಶಿ ಆಗ್ತದ," ಎಂದು ಕೊನೆಗಾಲದಲ್ಲಿ ಹೇಳಿದ್ದಳು. ಅದು ಯಾವ ಜಾತಿಯದೆಂದು ಮಾತ್ರ ಹೇಳಿರಲಿಲ್ಲ.

ಮಗಳನ್ನು ಮಣ್ಣು ಮಾಡಿದ ಮೇಲೆ ಈರಬಸಪ್ಪನವರು ಪೂಜೆಯಲ್ಲಿ ಬೇಡಿದ್ದು ಹಕ್ಕಿ ತನ್ನವರನ್ನು ಸೇರಲಿ ಎಂಬುದೊಂದನ್ನೇ. ಜೋಳದ ಕೊಯ್ಲು ಶುರುವಾದಾಗ, ಗಾಯ ಮಾಗಿದ ಹಕ್ಕಿಯನ್ನು ಬಿಸಿಲಿಗೆ ತಂದು ಬಾಲದ ಬುಡ ನೋಡಿದರು. ಮೈಯೆಲ್ಲ ಒಂದೇ ಹಳದಿ.

"ಅರಿಷಿಣ ಹಚ್ಚೀ ಏನು?" ಎಂದು ಹೆಂಡತಿಯನ್ನು ಕೇಳಿದರು.

"ಹೌದ್ರಿ. ಎಣ್ಣ್ಯಾಗ ಕಲಸಿ ದಿನಾ ಮೈತುಂಬ ಹಚ್ಚೀನಿ," ಎಂದಳು ನಾಗವ್ವ. "ನಮ್ಮ ಕೂಸಿಗೂ ಹಂಗ ಹಚ್ಚಿ ಎರದು ದೊಡ್ಡಾಕಿ ಮಾಡೀನಿ."

ಸೀಗೆಪುಡಿ ಹಾಕಿ ತೊಳೆದರು. ಬಣ್ಣ ಬಿಡಲಿಲ್ಲ, ಗರಿಗಳು ಕಿತ್ತುಬರತೊಡಗಿದವು.

ಗಂಡ ಹೆಂಡತಿ ಬುಟ್ಟಿ ಹೊತ್ತು ಮಗರಪಟ್ಟಾಕ್ಕೆ ಹೋದರು. ಕಾಲುವೆಯ ಈಚೆ ಕರಿತಲೆಗಳು, ಆಚೆ ಕೆಂಪುತಲೆಗಳು. ಇದು ಯಾವ ಜಾತಿಯದೆಂದು ಕೇಳಿದ್ದಕ್ಕೆ ಹೊಲದೊಡೆಯ ಬಾಳಕೃಷ್ಣ ನಕ್ಕ. ತನ್ನ ಜೋಳ ತಿನ್ನುವ ಕಳ್ಳರ ಜಾತಿ ತಾನೆಂದೂ ಕೇಳಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಮಗಳ ವಿಷಯ ತಿಳಿದ ಮೇಲೆ ಟೊಪ್ಪಿಗೆ ತೆಗೆದ.

"ತನ್ನವರು ಯಾರಂತ ಅದಕ್ಕ ಗೊತ್ತಾಗೂದಿಲ್ಲೇನ್ರಿ? ಬಿಡ್ರಿ," ಎಂದಳು ನಾಗವ್ವ.

ಬೇರೆ ದಾರಿಯಿರಲಿಲ್ಲ. ಈರಬಸಪ್ಪನವರು ಕಾಲುವೆಯ ದಂಡೆಯಲ್ಲಿ ಬುಟ್ಟಿಯ ಮುಚ್ಚಳ ತೆಗೆದರು. ಅಷ್ಟರಲ್ಲಿ ಕೊಯ್ಲಿನವರ ಗದ್ದಲಕ್ಕೆ ಎರಡು ಹಿಂಡುಗಳೂ ಒಟ್ಟಿಗೆ ಮೇಲೆದ್ದವು. ಹಕ್ಕಿಯೂ ಎದ್ದಿತು. ಎಣ್ಣೆ ಕುಡಿದ ರೆಕ್ಕೆ ಅದನ್ನು ಮೇಲೆತ್ತಲಿಲ್ಲ. ಯಾವ ಕಡೆಗೂ ತಿರುಗದೆ ಕೊಯ್ದ ಹೊಲದೊಳಗೆ ಬಿದ್ದುಹೋಯಿತು.

ಬಾಳಕೃಷ್ಣನೂ ಆಳುಗಳೂ ಹುಡುಕಿದರು. ಸಿಗಲಿಲ್ಲ. ಈರಬಸಪ್ಪನವರು ಶಿವನ ಹೆಸರೆತ್ತಲು ಬಾಯಿ ತೆರೆದರು. ಮುಂದೆ ಏನು ಬೇಡಬೇಕೋ ತಿಳಿಯಲಿಲ್ಲ. ಮನೆಗೆ ಹೋಗೋಣ ಎಂದು ಹೆಂಡತಿಯನ್ನು ಕರೆದರು.

"ನೀವು ನಡೀರಿ," ಎಂದಳು ನಾಗವ್ವ. ಬಗ್ಗಿ, ಜೋಳದ ಕೂಳೆಗಳ ನಡುವೆ ಕೈಯಾಡಿಸುತ್ತ ಮುಂದಿನ ಸಾಲಿಗೆ ಹೋದಳು.