ಕಟ್ಟಬೇಡಿ, ಸುತ್ತಿ ಹಿಡಿಯಿರಿ

ಅಣೆಕಟ್ಟಿನ ಪಕ್ಕದಲ್ಲಿದ್ದ ಲಾಕಿಗೆ ದೋಣಿಯವರು ತೊಟ್ಟಿ ಎನ್ನುತ್ತಿದ್ದರು. ಎರಡು ತುದಿಗೆ ಎರಡು ದೊಡ್ಡ ಗೇಟು, ನಡುವೆ ನೀರು. ಮೇಲಿನ ಹೊಳೆಯಿಂದ ಬಂದ ದೋಣಿಯನ್ನು ಒಳಗೆ ಸೇರಿಸಿಕೊಂಡು, ಗೇಟು ಮುಚ್ಚಿ, ಕೆಳಗಿನ ತೂಬು ತೆಗೆದರೆ ನೀರು ಇಳಿಯುತ್ತದೆ. ನೀರಿನ ಜೊತೆ ದೋಣಿಯೂ ಮರ್ಯಾದೆಯಾಗಿ ಕೆಳಗಿನ ಹೊಳೆಯ ಮಟ್ಟಕ್ಕೆ ಇಳಿಯುತ್ತದೆ.

ಈ ತೊಟ್ಟಿಯನ್ನು ಮೂರು ದಶಕ ಆಳಿ ನಿವೃತ್ತರಾದವರು ಮೈಕಪ್ಪ. ಮನೆಯಲ್ಲಿಟ್ಟ ಹೆಸರು ಬೇರೆ ಇತ್ತು. ಮೈಕಿನ ಮುಂದೆ ಕೂತು ಕೂತು ಅದು ಅವರಿಗೇ ಮರೆತ ಹಾಗಿತ್ತು. "ಹಗ್ಗ ಗೂಟಕ್ಕೆ ಕಟ್ಟಬೇಡಿ, ಸುತ್ತಿ ಹಿಡಿಯಿರಿ, ನೀರು ಇಳಿದ ಹಾಗೆ ಸಡಿಲ ಬಿಡಿ" ಎಂಬುದು ಅವರ ದಿನವಿಡೀ ಜಪ. ಕಟ್ಟಬಾರದು ಎನ್ನುವುದರಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ. ಕಟ್ಟಿದವನನ್ನು ತೊಟ್ಟಿಯಿಂದ ಹೊರಗೆ ಹಾಕಿ ಸಾಲಿನ ಕೊನೆಗೆ ನಿಲ್ಲಿಸುವ ನಿಯಮವೂ ಅವರದೇ.

ಈಗ ತೊಟ್ಟಿಯ ದಡದ ಗಾಜಿನ ಕೋಣೆಯಲ್ಲಿ, ಅದೇ ಮೈಕಿನ ಮುಂದೆ, ಅವರ ಮಗಳು ಕೂತಿದ್ದಳು. ಒಬ್ಬಳೇ ಕೂತ ಮೊದಲ ದಿನ. ಹೊಸಬರನ್ನು ಅಳೆಯುವುದರಲ್ಲಿ ದೋಣಿಯವರು ದರ್ಜಿಗಳನ್ನೂ ಮೀರಿಸಿದವರು. ಇವತ್ತು ಒಬ್ಬನಿಗೆ ಬಗ್ಗಿದರೆ ನಾಳೆ ಎಲ್ಲರೂ ತಲೆಯ ಮೇಲೆ ಕೂರುತ್ತಾರೆ, ಹೇಳಿದ ಮಾತು ಕೇಳುವುದಿಲ್ಲ, ಒಂದಲ್ಲ ಒಂದು ದಿನ ಯಾರೋ ನೀರುಪಾಲಾಗುತ್ತಾರೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಗಿನ ಮೊದಲ ಸರದಿಗೆ ಸಿಮೆಂಟು ತುಂಬಿದ ಸರಕು ದೋಣಿಯೊಂದು ಒಳಗೆ ಬಂತು. ಅದರ ಪಕ್ಕಕ್ಕೆ ಹೊಸ ಬಣ್ಣ ಹೊಳೆಯುವ ಪುಟ್ಟ ನೀಲಿ ದೋಣಿ. ಅದರಲ್ಲಿ ಮೈಕಪ್ಪ, ಹಿಂದೆ ಛತ್ರಿ ಹಿಡಿದು ಕೂತ ಅಮ್ಮ.

"ಅಪ್ಪ, ನನ್ನನ್ನ ಪರೀಕ್ಷೆ ಮಾಡಕ್ಕೆ ಬಂದ್ರಾ?" ಮಗಳು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು.

"ಛೇ ಛೇ. ನಾನೀಗ ಬರೀ ಪ್ರಯಾಣಿಕ. ನೀನು ನಿನ್ನ ಕೆಲಸ ನೋಡು ಪುಟ್ಟಿ."

"ಬೆಳಗ್ಗೆ ಐದಕ್ಕೇ ಎದ್ದು ಷರ್ಟು ಇಸ್ತ್ರಿ ಮಾಡ್ಕೊಂಡ್ರು, ಬರೀ ಪ್ರಯಾಣಿಕರು," ಎಂದರು ಅಮ್ಮ, ಛತ್ರಿಯ ಅಡಿಯಿಂದ.

ಮಗಳು ಎರಡೂ ದೋಣಿಗಳ ಹಗ್ಗ ನೋಡಿದಳು. ಎರಡೂ ದಡದ ಗೂಟಕ್ಕೆ ಸುತ್ತಿ, ತುದಿ ಕೈಯಲ್ಲಿ. ಗೇಟು ಮುಚ್ಚಿ ಕೆಳಗಿನ ತೂಬು ತೆಗೆದಳು.

ಎಡವಟ್ಟಾದದ್ದು ಆಮೇಲೆ. ಸರಕು ದೋಣಿಯ ಚಾಲಕ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚಹಾ ಲೋಟ ಹಿಡಿದಿದ್ದ. ಮೈಕಪ್ಪನವರಿಗೆ ಮೈ ಉರಿಯಿತು. ಆದರೆ ಅವರಿಗೆ ಕೈ ಆಡಿಸದೆ ಮಾತು ಬಾರದು. ಗಾಜಿನ ಕೋಣೆಯಲ್ಲಾದರೆ ಮೈಕಿಗೆ ನಿಲ್ಲಲು ಕಾಲಿತ್ತು, ಇವರ ಕೈಗೆ ಬಿಡುವಿತ್ತು. ಇಲ್ಲಿ ಹಗ್ಗವೊಂದು ಅಡ್ಡ. ಕಣ್ಣನ್ನು ಚಾಲಕನ ಮೇಲೇ ನೆಟ್ಟು, ತಾನೇನು ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ ಹಗ್ಗವನ್ನು ಗೂಟಕ್ಕೆ ಬಿಗಿದು ಗಂಟು ಹಾಕಿದರು. ಕೈ ಎರಡೂ ಖಾಲಿಯಾದವು.

"ಅಲ್ಲಯ್ಯಾ, ಹಗ್ಗ ಹಿಡಿಯೋ ರೀತೀನಾ ಅದು? ಎರಡೂ ಕೈ ಹಾಕು. ಹೀಗೆ. ಹೀಗೆ ಸಡಿಲ ಬಿಡ್ತಾ ಬರಬೇಕು," ಎಂದು ಗಾಳಿಯಲ್ಲಿ ಹಗ್ಗ ಹಿಡಿದು ಗಾಳಿಯಲ್ಲೇ ಬಿಟ್ಟು ತೋರಿಸಿದರು.

ನೀರು ಇಳಿಯಿತು. ಸರಕು ದೋಣಿ ಇಳಿಯಿತು. ನೀಲಿ ದೋಣಿಯ ಹಿಂಭಾಗ ಇಳಿಯಿತು, ಮುಂಭಾಗ ಮಾತ್ರ ಗೂಟಕ್ಕೆ ಜೋತುಬಿತ್ತು.

"ಅಪ್ಪ, ಹಗ್ಗ ನೋಡ್ಕೊಳಿ," ಎಂದಳು ಮಗಳು ಮೈಕಿನಲ್ಲಿ.

"ನೋಡ್ತಾನೇ ಇದೀನಿ. ಅವನ ಹಗ್ಗ ಸರಿ ಇಲ್ಲ."

ಅವಳು ಕೆಂಪು ಗುಂಡಿ ಒತ್ತಿದಳು. ತೂಬು ಮುಚ್ಚಿ ನೀರು ನಿಂತಿತು.

"ರೀ," ಎಂದರು ಅಮ್ಮ, "ನಾನು ಹಿಂದಕ್ಕೆ ಜಾರ್ತಿದೀನಿ. ಪಾಠ ಮುಗಿದಿದ್ರೆ ಸ್ವಲ್ಪ ಈ ಕಡೆ ನೋಡ್ತೀರಾ?"

ಮೈಕಪ್ಪ ನೋಡಿದರು. ಹಗ್ಗ ಬಿಲ್ಲಿನ ಹೆದೆಯ ಹಾಗೆ ಬಿಗಿದಿತ್ತು. ಗಂಟು ಬೆರಳಿಗೆ ಬಗ್ಗಲಿಲ್ಲ. "ಚಾಕು ಕೊಡಯ್ಯಾ, ಬೇಗ," ಎಂದರು. ಚಾಲಕ ಚಾಕು ಚಾಚಿದ.

ಮಗಳು ಮೈಕಿಗೆ ಬಾಗಿದಳು. ಹಗ್ಗ ಕತ್ತರಿಸಿದರೆ ಮುಂಭಾಗ ದೊಪ್ಪನೆ ಬೀಳುತ್ತದೆ, ಹಿಂದೆ ಜಾರಿ ಕೂತ ಅಮ್ಮ ನೇರ ನೀರಿಗೆ. "ಬೇಡ ಅಪ್ಪ" ಎಂದಳು. ಅಪ್ಪನ ಕಿವಿಗೆ ಅದು ಮಗಳ ದನಿ. ಮಗಳ ಮಾತು ಅವರು ಎಂದು ಕೇಳಿದ್ದರು? ಅವಳು ಗಂಟಲು ಕೆರೆದು, ಮೂಗಿನಲ್ಲಿ ಒಂದಿಷ್ಟು ಗರಗಸ ಸೇರಿಸಿ, ಮನೆಯಲ್ಲಿ ನಂಟರನ್ನು ನಗಿಸಲು ಮಾತ್ರ ಬಳಸುತ್ತಿದ್ದ ದನಿ ತೆಗೆದಳು.

"ಏಯ್ ನೀಲಿ ದೋಣಿ. ಚಾಕು ಕೆಳಗಿಡು. ಕೂತ್ಕೋ. ಕೈ ತೊಡೆ ಮೇಲೆ."

ತೊಟ್ಟಿಯ ನಾಲ್ಕು ಗೋಡೆಯಿಂದಲೂ ಮೈಕಪ್ಪನೇ ಗದರಿದ ಹಾಗಾಯಿತು. ಮೈಕಪ್ಪ ಚಾಕು ಇಟ್ಟು ಕೂತರು. ಯಾರೂ ಹೇಳದಿದ್ದರೂ ಚಾಲಕನೂ ಕೂತ.

ಅವಳು ಮೇಲಿನ ತೂಬನ್ನು ಒಂದು ಎಳೆಯಷ್ಟೇ ತೆಗೆದಳು. ನೀರು ನಿಧಾನಕ್ಕೆ ಏರಿತು. ಜೋತ ದೋಣಿ ಮಟ್ಟಸವಾಯಿತು. ಹಗ್ಗ ಸಡಿಲಾಗಿ, ಗಂಟು ಬೆರಳಿಗೆ ಬಿಚ್ಚಿಕೊಂಡಿತು. ತೊಟ್ಟಿ ತುಂಬಿದ ಮೇಲೆ ಅವಳು ಮೇಲಿನ ಗೇಟು ತೆರೆದಳು. ಆಚೆ ಸಾಲಿನಲ್ಲಿದ್ದ ದೋಣಿಯವರೆಲ್ಲ ಕತ್ತು ಚಾಚಿದರು.

"ಗೇಟ್ಯಾಕೆ ತೆಗೆದೆ ಪುಟ್ಟಿ? ಗಂಟು ಬಿಚ್ಚಾಯ್ತಲ್ಲ, ಇಳಿಸು," ಎಂದರು ಮೈಕಪ್ಪ.

ಮಗಳು ಒಂದು ಗುಟುಕು ನೀರು ಕುಡಿದಳು. ಈ ಸಲ ತನ್ನದೇ ದನಿಯಲ್ಲಿ ಹೇಳಿದಳು: "ನೀಲಿ ದೋಣಿ ಹೊರಗೆ. ಸಾಲಿನ ಕೊನೆಗೆ."

"ನಾನೂನಾ?"

"ನಿಯಮ ಮಾಡಿದವರನ್ನ ಕೇಳಿ ಅಪ್ಪ."

"ಬೇಡ, ಅವನು ಕೇಳೋ ಆಸಾಮಿ ಅಲ್ಲ," ಎಂದು ಮೈಕಪ್ಪ ಹುಟ್ಟು ಹಾಕಿ ದೋಣಿಯನ್ನು ಹಿಂದಕ್ಕೆ ತಿರುಗಿಸಿದರು.

"ಮಧ್ಯಾಹ್ನಕ್ಕೆ ಮನೇಲೇ ಊಟ ಅಂದಿದ್ರಿ," ಎಂದರು ಅಮ್ಮ.

ಸಾಲಿನಲ್ಲಿ ಯಾರೂ ಜೋರಾಗಿ ನಗಲಿಲ್ಲ. ಆದರೆ ಪ್ರತಿಯೊಬ್ಬನೂ ತನ್ನ ಹಗ್ಗವನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ತೊಟ್ಟಿಯಲ್ಲುಳಿದ ಚಾಲಕ, ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳದವನು, ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಹಗ್ಗ ಹಿಡಿದು ಗಾಜಿನ ಕೋಣೆಯತ್ತ ತಲೆ ಎತ್ತಿದ. "ಹೀಗೆ ಸರೀನಾ ಮೇಡಂ?"

"ಸರಿಯಾಗಿದೆ ಕಣಯ್ಯಾ," ಎಂದು ಗೇಟಿನಾಚೆಯಿಂದ ಮೈಕಪ್ಪ ಕೂಗಿದರು.

"ನಿಮ್ಮನ್ನ ಕೇಳಿಲ್ಲ ಯಜಮಾನ್ರೆ," ಎಂದ ಚಾಲಕ, ಕಣ್ಣು ಕೋಣೆಯಿಂದ ಕೀಳದೆ. "ಮೇಡಂ ಹೇಳಲಿ."