ಇಪ್ಪತ್ತಕ್ಕೆ ಇಪ್ಪತ್ತು

ಪುಕ್ಕಟೆ ಅಂಕ ಕೊಡುವುದೆಂದರೆ ಸುಧಾರಾಣಿ ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು. ಇಳಕಲ್ಲಿನ ಆ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯವರ ಪ್ರಾಜೆಕ್ಟುಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು ಅವರೊಬ್ಬರೇ. ಈ ಸಲ ಹನ್ನೊಂದು, ಹದಿನಾಲ್ಕು ಎಂದು ಹಾಕುತ್ತ ಬಂದು, ಶಿವಗಂಗಾ ಒಬ್ಬಳಿಗೇ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ದರು. ಆ ಹುಡುಗಿ ಅತ್ತೆಯ ಮಗ್ಗದ ಪಕ್ಕ ಕೂತು ಕಲಿತು, ಸೀರೆಯ ಒಡಲಿಗೆ ಸೆರಗು ಜೋಡಿಸುವ ಬಗೆಯನ್ನು ನೂಲು ಅಂಟಿಸಿ ತೋರಿಸಿದ್ದಳು.

ಬೋರ್ಡಿಗೆ ಕಳಿಸುವ ಪಟ್ಟಿ ನೋಡಿ ಹೆಡ್‌ಮಾಸ್ತರರು ಹಣೆ ಚಚ್ಚಿಕೊಂಡರು. "ಎಲ್ಲಾ ಸಾಲ್ಯಾಗೂ ಇಪ್ಪತ್ತ ಕೊಡ್ತಾರ್ರಿ ಟೀಚರ್. ನಾವೊಬ್ಬರ ತಕ್ಕಡಿ ಹಿಡದು ಕುಂತ್ರ ನಮ್ಮ ಹುಡುಗೂರು ಹಿಂದ ಬೀಳ್ತಾರ."

ಸ್ಟಾಫ್ ರೂಮಿನಲ್ಲಿ ಉಳಿದವರೂ ಹೆಡ್‌ಮಾಸ್ತರರ ಮಾತಿಗೇ ತಲೆಯಾಡಿಸಿದರು. ಎಲ್ಲರೂ ಮನೆಗೆ ಹೋದ ಮೇಲೆ ಸುಧಾರಾಣಿ ಒಬ್ಬರೇ ಕೂತು ಎಲ್ಲರಿಗೂ ಇಪ್ಪತ್ತು ಬರೆದರು. ಹಳೆಯ ಪಟ್ಟಿಯನ್ನು ಹರಿದುಹಾಕಿದರು.

ಮರುದಿನ ಶಿವಗಂಗಾ ಬಾಗಿಲಲ್ಲಿ ಬಂದು ನಿಂತಳು. "ಟೀಚರ್, ಎಲ್ಲಾರಿಗೂ ಇಪ್ಪತ್ತ ಬಿದ್ದಾವ್ರಿ. ನನಗ ಖರೇ ಎಷ್ಟ ಬಿದ್ದಿದ್ವುರಿ?"

"ನಿನಗ ಖರೇನ ಇಪ್ಪತ್ತ ಬಿದ್ದಿದ್ವು, ತಂಗಿ."

"ಇರಲಿ ಬಿಡ್ರಿ ಟೀಚರ್, ಕಡಿಮಿ ಬಿದ್ದಿದ್ರೂ ನನಗೇನ ಬ್ಯಾಸರಿಲ್ರಿ," ಎಂದ ಹುಡುಗಿ, ತಾನೇ ಅವರಿಗೆ ಸಮಾಧಾನ ಹೇಳುವವಳಂತೆ ನಕ್ಕು ಹೊರಟುಹೋದಳು.