ರಹ್ಮತ್‌ನ ಹತ್ತನೇ ಅಸಿಸ್ಟ್

ಗಲ್ಫ್ ಕನ್ನಡಿಗರ ಇತಿಹಾಸವನ್ನು ಯಾರಾದರೂ ಬರೆಯಹೊರಟರೆ, ತೈಲದ ಬೆಲೆಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: 1988ರಲ್ಲಿ ದಮ್ಮಾಮಿನಲ್ಲಿ ನಡೆದ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ, ನವ್ರಸ್ ಕ್ಲಬ್ಬಿನ ಏಳನೇ ನಂಬರಿನ ಆಟಗಾರ ಉಳ್ಳಾಲದ ರಹ್ಮತ್ ಮಾಡಿದ ಅಸಿಸ್ಟ್‌ಗಳು ಒಂಬತ್ತೋ, ಹತ್ತೋ?

ಪಂದ್ಯದ ಅಂಕಿಪಟ್ಟಿ ಒಂಬತ್ತು ಎನ್ನುತ್ತದೆ. ಅದನ್ನು ಬರೆದವರು ಮೈಸೂರಿನ ದೊರೆಸ್ವಾಮಿ; ಹಗಲು ಒಂದು ಕಂಪನಿಯ ಅಕೌಂಟೆಂಟ್, ಸಂಜೆ ಕ್ಲಬ್ಬಿನ ಸ್ಕೋರರ್. ಒಬ್ಬ ಪಾಸ್ ಕೊಟ್ಟು, ಅದನ್ನು ಹಿಡಿದ ಜೊತೆಗಾರ ನೇರವಾಗಿ ಬುಟ್ಟಿಗೆ ಹಾಕಿದರೆ, ಪಾಸ್ ಕೊಟ್ಟವನಿಗೆ ಒಂದು ಅಸಿಸ್ಟ್. ಹಿಡಿದವನು ನಡುವೆ ಒಂದೇ ಒಂದು ಸಲ ಚೆಂಡನ್ನು ನೆಲಕ್ಕೆ ಕುಟ್ಟಿದರೂ ದೊರೆಸ್ವಾಮಿಯವರ ಲೆಕ್ಕದಲ್ಲಿ ಅಸಿಸ್ಟ್ ಸತ್ತಿತು. ಬೇರೆ ಸ್ಕೋರರುಗಳು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಅವರು ಮೈಸೂರಿನವರೂ ಆಗಿರಲಿಲ್ಲ.

ಆ ದಿನ ಕೊನೆಯ ನಿಮಿಷದಲ್ಲಿ ರಹ್ಮತ್ ಇಬ್ಬರ ನಡುವಿನಿಂದ ಚೆಂಡು ತೂರಿಸಿ ಸುಡಾನಿನ ಕಮಾಲುದ್ದೀನನಿಗೆ ಮುಟ್ಟಿಸಿದ. ಆರೂವರೆ ಅಡಿಯ ಕಮಾಲುದ್ದೀನ್ ಬುಟ್ಟಿಯ ಕೆಳಗೆ ಒಬ್ಬನೇ ಇದ್ದ. ಕೈ ಎತ್ತಿದರೆ ಸಾಕಿತ್ತು. ಅವನು ಒಮ್ಮೆ ಕುಟ್ಟಿ, ಆಮೇಲೆ ಹಾಕಿದ.

ನವ್ರಸ್ ಎಪ್ಪತ್ತೊಂದು, ಎದುರಾಳಿ ಎಪ್ಪತ್ನಾಲ್ಕು. ತಂಡದ ಇಪ್ಪತ್ತೆರಡು ಫ್ರೀ ಥ್ರೋಗಳಲ್ಲಿ ಬಿದ್ದದ್ದು ಹದಿಮೂರು. ಸೋಲಿಗೆ ಅದೇ ಕಾರಣವಾದರೂ ಅದರ ಬಗ್ಗೆ ಇಂದಿನವರೆಗೆ ಯಾರೂ ಜಗಳವಾಡಿಲ್ಲ. ರಹ್ಮತ್‌ನ ಹೆಸರಿನ ಮುಂದೆ ಹನ್ನೆರಡು ಪಾಯಿಂಟ್, ಮೂರು ರೀಬೌಂಡ್, ನಾಲ್ಕು ಫೌಲ್, ಒಂಬತ್ತು ಅಸಿಸ್ಟ್. ಪಾಯಿಂಟಿನಂತೆ ಅಸಿಸ್ಟೂ ಎರಡಂಕಿ ಮುಟ್ಟಿದ್ದರೆ ಅದೊಂದು ಸಾಧನೆ. ಮುಟ್ಟದಿದ್ದರೆ ಬರೀ ಸೋತ ಪಂದ್ಯ. ಮರುವರ್ಷ ಕ್ಲಬ್ಬು ಮುಚ್ಚಿತು. ರಹ್ಮತ್ ಅಲ್ ಖಫ್ಜಿಯ ತೈಲ ಕಂಪನಿಯೊಂದರ ಸ್ಟೋರಿಗೆ ಸೇರಿದ, ದೊರೆಸ್ವಾಮಿ ರಿಯಾದಿನ ಒಲಾಯಾಕ್ಕೆ ಹೋದರು. ಅಂಕಿಪಟ್ಟಿಯ ಜೆರಾಕ್ಸ್ ಪ್ರತಿ, ಲ್ಯಾಮಿನೇಶನ್ ಸಮೇತ, ರಹ್ಮತ್‌ನ ಮನೆಯ ಫ್ರಿಜ್ಜಿನ ಮೇಲೆ ಅಂಟಿತು.

ಜಗಳ ಫೋನಿನಲ್ಲಿ ಮುಂದುವರಿಯಿತು. "ಎಂತ ದೊರೆಗಳೇ, ಹತ್ತು ಮಾಡಿದ್ರಾ?" ಎಂಬುದು ರಹ್ಮತ್‌ನ ಹಲೋ. "ಕುಟ್ಟಿದ ಕಣಯ್ಯ" ಎಂಬುದು ದೊರೆಸ್ವಾಮಿಯವರ ನಮಸ್ಕಾರ. ಒಮ್ಮೆ ದೊರೆಸ್ವಾಮಿಗೆ ಆಪರೇಷನ್ ಆದಾಗ ರಹ್ಮತ್ ಖಫ್ಜಿಯಿಂದ ಬಂದು ರಕ್ತ ಕೊಟ್ಟಿದ್ದ. ಅವರಿಗೆ ಪ್ರಜ್ಞೆ ಬಂದ ಕೂಡಲೇ ಮಂಚದ ಪಕ್ಕ ಕೂತು ಕೇಳಿದ್ದ: "ಈಗಲಾದ್ರೂ?"

"ರಕ್ತ ಬೇರೆ, ಅಸಿಸ್ಟ್ ಬೇರೆ" ಎಂದಿದ್ದರು ದೊರೆಸ್ವಾಮಿ, ಮೂಗಿನಲ್ಲಿ ನಳಿಕೆ ಇದ್ದಂತೆಯೇ.

ಈ ವರ್ಷ ಫೋನು ಮಾಡಿದ್ದು ರಹ್ಮತ್ ಅಲ್ಲ, ಅವನ ಹೆಂಡತಿ ಝೀನತ್.

"ಸ್ವಾಮಿ ಅಣ್ಣ, ಇವರಿಗೆ ಪಿತ್ತದ ಕಲ್ಲು ಅಂತ ಹೇಳಿದ್ದೇವೆ. ಕಲ್ಲಲ್ಲ. ಎಲ್ಲ ಕಡೆ ಹಬ್ಬಿದೆಯಂತೆ, ವಿಮಾನದಲ್ಲಿ ಕರ್ಕೊಂಡು ಹೋಗ್ಲಿಕ್ಕೂ ಆಗುದಿಲ್ಲವಂತೆ."

ಮಗಳು ಜಸೀಲಾ ಉಳ್ಳಾಲದಲ್ಲಿ ಬಾಣಂತಿ. ವಿಸಿಟ್ ವೀಸಾ ಬಂದಿತ್ತು. ಮುಂದಿನ ಗುರುವಾರಕ್ಕೆ ಟಿಕೆಟ್. ಮೊಮ್ಮಗುವನ್ನು ರಹ್ಮತ್ ಇನ್ನೂ ಎತ್ತಿಕೊಂಡಿರಲಿಲ್ಲ.

"ಅವಳು ಬರುವವರೆಗೆ ಇವರಿಗೆ ಗೊತ್ತಾಗ್ಬಾರ್ದು, ಅಣ್ಣ. ಗೊತ್ತಾದ್ರೆ ಗಂಜಿ ಬಿಡ್ತಾರೆ. ಇವರ ಬಾಪನೂ ಹಾಗೇ ಮಾಡಿದ್ದು. ಒಮ್ಮೆ ಬಂದು ನಗಿಸಿ ಹೋಗಿ."

ದೊರೆಸ್ವಾಮಿ ಕಾರು ತೆಗೆದರು. ಮರಳುಗಾಡಿನ ದಾರಿಯುದ್ದಕ್ಕೂ ಸುಳ್ಳಿನ ತಾಲೀಮು ನಡೆಯಿತು. ಖಫ್ಜಿಯಲ್ಲಿ ಆಡಿಟ್ ಇತ್ತು, ಹಾಗೇ ಬಂದೆ. ಪಿತ್ತದ ಕಲ್ಲು ನಮ್ಮ ಭಾವನಿಗೂ ಆಗಿತ್ತು. ಹೆಂಡತಿ ಪಂಕಜಾ ಚಟ್ನಿಪುಡಿ ಕಳಿಸಿದ್ದಾಳೆ. ಕೊನೆಯದು ನಿಜವಾಗಿತ್ತು, ಸುಳ್ಳುಗಳ ನಡುವೆ ಒಂದು ನಿಜವಿದ್ದರೆ ಅವು ಗಟ್ಟಿಯಾಗಿ ನಿಲ್ಲುತ್ತವೆಂದು ಲೆಕ್ಕ ಬರೆಯುವವರಿಗೆ ಗೊತ್ತು.

ರಹ್ಮತ್ ಮೂರು ದಿಂಬಿಗೆ ಒರಗಿ ಕೂತಿದ್ದ. ಏಳನೇ ನಂಬರಿನ ಆ ಭುಜಗಳ ಮೇಲೆ ಅಂಗಿ ಹ್ಯಾಂಗರಿಗೆ ಸಿಕ್ಕಿಸಿದಂತೆ ಕಾಣುತ್ತಿತ್ತು. ಆಡಿಟ್ಟಿನ ಸುಳ್ಳನ್ನು ನಂಬಿದ. ಭಾವನ ಕಲ್ಲನ್ನೂ ನಂಬಿದ. ಚಟ್ನಿಪುಡಿ ಬೆರೆಸಿದ ಗಂಜಿಯನ್ನು, ಝೀನತ್ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ಅರ್ಧ ಬಟ್ಟಲು ಕುಡಿದ. "ಜಸೀಲಾನ ಮಗು ಹುಟ್ಟುವಾಗ್ಲೇ ಉದ್ದ ಉಂಟಂತೆ. ನಮ್ಮ ಟೀಮಿಗೆ ಕಮಾಲುವಿನಂಥ ಸೆಂಟರ್ ಆಯ್ತು" ಎಂದು ನಕ್ಕ. ಆಮೇಲೆ, ಬಾಯಿ ಒರೆಸಿಕೊಳ್ಳುತ್ತಾ ಎಂದಿನಂತೆ ಕೇಳಿದ:

"ಎಂತ ದೊರೆಗಳೇ, ಹತ್ತು ಮಾಡಿದ್ರಾ?"

ಇದೊಂದಕ್ಕೆ ದೊರೆಸ್ವಾಮಿ ತಾಲೀಮು ಮಾಡಿರಲಿಲ್ಲ. ಅವನ ಕೈಯ ಮೂಳೆಗಳನ್ನು ನೋಡಿದರು.

"ಆಯ್ತು ಕಣಯ್ಯ. ಹತ್ತು ಅಂತಲೇ ಇಟ್ಕೋ. ಯೋಚನೆ ಮಾಡಿದೆ. ಒಂದು ಸಲ ಕುಟ್ಟಿದ್ರೇನಂತೆ, ಪಾಸ್ ನಿಂದೇ ತಾನೆ."

ರಹ್ಮತ್‌ನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದರ ಹಿಂದೆ ಅವನಿರಲಿಲ್ಲ.

"ಝೀನತ್, ಇಲ್ಲಿ ಬಾ. ಡಾಕ್ಟ್ರು ನಿಜ ಎಂತ ಹೇಳಿದ್ದು?"

"ಕಲ್ಲು ಅಂತಲ್ವಾ..."

"ಕಲ್ಲಿಗೆ ಇವರು ಅಸಿಸ್ಟ್ ಕೊಡುವವರಾ?"

ದೊರೆಸ್ವಾಮಿ ಎದ್ದು ನಿಂತರು. "ಇಲ್ಲ ಇಲ್ಲ, ತಮಾಷೆಗೆ ಅಂದೆ. ಒಂಬತ್ತೇ! ಕುಟ್ಟಿದ್ದು ಕುಟ್ಟಿದ್ದೇ!"

"ಕೂತ್ಕೋ ಮಾರಾಯ." ಅಷ್ಟು ವರ್ಷಗಳ ದೊರೆಗಳಿಗೆ ರಹ್ಮತ್ ಮೊದಲ ಸಲ ಏಕವಚನ ಹಚ್ಚಿದ್ದ. "ನನ್ನ ರಕ್ತ ಮೈಗೆ ಹೋಗಿಯೂ ಕೊಡದವ ನೀನು. ಈಗ ಸುಮ್ಮನೆ ಕೊಡ್ತೀಯಾ?"

ಝೀನತ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉತ್ತರಕ್ಕೆ ಅಷ್ಟು ಸಾಕಾಯಿತು.

ರಹ್ಮತ್ ದೊರೆಸ್ವಾಮಿಯವರ ಮಣಿಕಟ್ಟು ಹಿಡಿದು, ಅವರೇ ರೋಗಿಯೆಂಬಂತೆ ಸಮಾಧಾನದ ದನಿಯಲ್ಲಿ ಹೇಳಿದ:

"ಕಮಾಲು ಕುಟ್ಟಿದ್ದು ಹೌದು. ನಾನೂ ಅವತ್ತೇ ಕಂಡಿದ್ದೆ. ಬರ್ದದ್ದು ಸರಿ ಉಂಟು, ತಿದ್ಬೇಡ."

"ನನ್ನ ಬಾಯಿಗೆ ಮಣ್ಣು ಬೀಳಲಿ" ಎಂದರು ದೊರೆಸ್ವಾಮಿ. "ಜಸೀಲಾ ಬರೋವರೆಗಾದ್ರೂ ಊಟ ಬಿಡಬೇಡವೋ. ಗುರುವಾರ ಬಂದೇಬಿಡುತ್ತೆ."

"ಇಲ್ಲ, ಬಿಡುದಿಲ್ಲ."

ಝೀನತ್ ಸಂಜೆಯ ಗಂಜಿ ತಂದಳು. ರಹ್ಮತ್ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತುಟಿಗೆ ಮುಟ್ಟಿಸಿ, ಪಕ್ಕದ ಸ್ಟೂಲಿನ ಮೇಲಿಟ್ಟ. ಆಮೇಲೆ ಅವನು ಬಟ್ಟಲಿನ ಕಡೆ ನೋಡಲಿಲ್ಲ.

ಜಸೀಲಾ ಮಗುವಿನೊಂದಿಗೆ ಗುರುವಾರ ದಮ್ಮಾಮಿನಲ್ಲಿ ಇಳಿದಳು. ರಹ್ಮತ್ ಮಂಗಳವಾರವೇ ತೀರಿಕೊಂಡಿದ್ದ.